ಶನಿವಾರದ ಹಾಳೆ

ನಾರ್ವಿಚ್ಚಿನಲ್ಲಿ ಗಲ್ಲು ಅಂದರೆ ಶನಿವಾರ.
ಸಂತೆಯೂ ಅಂದೇ. ದನ ಮಾರಿ ಬಂದವರು
ಕೋಟೆಗುಡ್ಡದ ಕಡೆ ಕತ್ತೆತ್ತಿ ನಿಲ್ಲಲು
ದಾರಿಯೇನೂ ಬಳಸಬೇಕಿರಲಿಲ್ಲ.
ಗುರುವಾರವೇ ನಮ್ಮಪ್ಪ, ಅಚ್ಚುಕೂಟದ ಜೇಬೆಜ್ ಪಮ್ಮೆಲ್,
ಸತ್ತವನ ಕೊನೆಯ ಮಾತು ಬರೆದು ಮುಗಿಸುತ್ತಿದ್ದ.
ಸತ್ತವನು ಆಗಿನ್ನೂ
ಜೈಲಿನ ಗಂಜಿಗೆ ಉಪ್ಪು ಕೇಳುತ್ತಿದ್ದ.

ಮೊಳೆ ಜೋಡಿಸುವವಳು ನಾನು, ಕೆಜಾಯ,
ಹನ್ನೊಂದರ ಹುಡುಗಿ, ಸಣ್ಣ ಬೆರಳು.
ಹಣೆಬರಹ ಅನ್ನುತ್ತಾರಲ್ಲ, ಅದನ್ನು
ಸೀಸದಲ್ಲಿ ತಲೆಕೆಳಗಾಗಿ ಓದುವುದು
ನನಗೆ ಎರಡರ ಮಗ್ಗಿಯಷ್ಟು ಸಲೀಸು.
ಪಶ್ಚಾತ್ತಾಪ ಎಂಬ ಪದವನ್ನು ಬಿಚ್ಚುತ್ತಲೇ ಇರಲಿಲ್ಲ,
ಪ್ರತಿ ಸಲ ಬೇಕಲ್ಲ,
ದಾರ ಸುತ್ತಿ ಹಾಗೇ ಇಟ್ಟಿರುತ್ತಿದ್ದೆ.

ಚಿತ್ರಕ್ಕೆ ಅಜ್ಜನ ಕಾಲದ ಒಂದು ಮರದಚ್ಚು.
ಕಂಬ, ಅಡ್ಡತೊಲೆ, ಟೋಪಿ ಟೋಪಿ ಜನ,
ನಡುವೆ ಒಂದು ಚೌಕ ತೂತು.
ಗಂಡಸಾದರೆ ಗಂಡಸಿನ ತುಂಡು ಕೂರಿಸು,
ಹೆಂಗಸಾದರೆ ಲಂಗದ್ದು.
ಇಬ್ಬರು ಒಟ್ಟಿಗೆ ಹೋದ ವರ್ಷ
ಅಪ್ಪ ಉಳಿ ಹಿಡಿದು ಇನ್ನೊಂದು ತೂತು ಕೊರೆದ.
ಆಮೇಲೆ ಒಬ್ಬನೇ ಇದ್ದಾಗ
ಅಲ್ಲಿಗೆ ಮೋಡ ತುಂಬುತ್ತಿದ್ದೆವು.

ಆ ಏಪ್ರಿಲ್ಲಿನಲ್ಲಿ ನೋವಾ ಟಿಲೆಟ್,
ಸ್ವಾಫಮ್ ಕಡೆಯವನು. ಮೂರು ಕುರಿ.
ನ್ಯಾಯಾಧೀಶರು ತಲೆಮೇಲೆ ಕರಿಬಟ್ಟೆ ಇಟ್ಟುಕೊಂಡು
ಹೇಳಿದ್ದು ಎರಡು ಸಾಲು.
ಅಪ್ಪ ಅವನಿಗೆ ಕೊಟ್ಟದ್ದು ನಲವತ್ತು, ಪ್ರಾಸ ಸಮೇತ:
ಕೆಟ್ಟ ಸಹವಾಸ, ಜಿನ್ನು, ಬಾಗಿಲಲ್ಲಿ ಕಣ್ಣೀರಿಡುವ ತಾಯಿ.
ಅವನನ್ನು ಹೆತ್ತ ರಾತ್ರಿಯೇ ತೀರಿಕೊಂಡಿದ್ದಳಂತೆ ಆಕೆ.
ಇರಲಿ, ಪ್ರಾಸಕ್ಕೆ ಬೇಕಿತ್ತು ತಾಯಿ.

ಶುಕ್ರವಾರ ಜೈಲಿಗೆ ಹಸಿ ಹಾಳೆ ಒಯ್ದೆ,
ಕಾವಲಿನವನ ಪಾಲು ಒಂದು ಡಜನ್, ಬಿಟ್ಟಿ.
ನಕ್ಕು ಕದ ತೆಗೆದ. ಓದಿ ಹೇಳು, ಇವನಿಗೆ ಅಕ್ಷರ ಬಾರದು.
ಓದಿದೆ.
ಮಂಡಿಯ ಮೇಲೆ ಕೈಯಿಟ್ಟುಕೊಂಡು ಕೇಳಿದ,
ಉಣ್ಣೆ ಕತ್ತರಿಸಿ ಕತ್ತರಿಸಿ ಅದರ ಜಿಡ್ಡಿಗೆ
ಮಗುವಿನ ಕೆನ್ನೆಯಂತಾದ ಕೈ.
ಕೊನೆಗೆ ಅಂದ: ಚೆನ್ನಾಗಿದೆ ಮಗಾ.
ಇಷ್ಟು ಮಾತು ನನಗೆ ಬರೋದಿಲ್ಲ.
ಇನ್ನೊಂದು ಸಲ ಓದು, ಬಾಯಿಪಾಠ ಮಾಡ್ಕೋತೀನಿ.
ಜನ ಕಾಸು ಕೊಟ್ಟು ಕೊಂಡಿರ್ತಾರೆ,
ತಪ್ಪಿ ಹೇಳಿದರೆ ಚೆನ್ನಾಗಿರೋದಿಲ್ಲ.

ಏಳು ಸಲ ಓದಿದೆ.

ಮರುದಿನ ಹಲಗೆಯ ಮೇಲೆ ನಿಂತು
ಹದಿನಾರು ಸಾಲು ಸರಿಯಾಗಿಯೇ ಹೇಳಿದ.
ತಾಯಿಯ ಹತ್ತಿರ ಬಂದು ನಿಂತುಬಿಟ್ಟ.
ಬಾಯಿ ತೆರೆದಿತ್ತು. ಗಾಳಿ ಇತ್ತು. ಹಗ್ಗದ ತುದಿ ಆಡುತ್ತಿತ್ತು.
ಆಗ ಮೊಟ್ಟೆ ಮಾರುವವಳೊಬ್ಬಳು ಹಾಳೆ ನೋಡಿ ಎತ್ತಿಕೊಟ್ಟಳು,
ಅವಳ ಹಿಂದೆ ಚಮ್ಮಾರ, ಸಿಪಾಯಿ, ಮೊಲೆಗೆ ಮಗು ಹಚ್ಚಿಕೊಂಡವಳು,
ಇಡೀ ಗುಡ್ಡ ಒಂದೇ ದನಿಯಲ್ಲಿ
ಅವನ ತಾಯಿಯನ್ನು ಅಳಿಸಿತು.
ಅವನು ತಲೆ ಆಡಿಸಿದ,
ಹೌದೆಂದೋ, ಅಲ್ಲವೆಂದೋ,
ಬಿಳಿ ಟೋಪಿ ಅಷ್ಟರಲ್ಲಿ ಗಲ್ಲದವರೆಗೆ ಇಳಿದಿತ್ತು.

ಒಂದು ಗಂಟೆ ಬಿಟ್ಟು ಇಳಿಸಿದರು.
ಹಗ್ಗ ಇಂಚಿಗೆ ಆರು ಪೆನ್ನಿ, ತಲೆನೋವಿಗೆ ಒಳ್ಳೆಯದು.
ಕತ್ತಿನಲ್ಲಿ ಗಂಟಿದ್ದ ಹೆಂಗಸರು ಸಾಲು ನಿಂತರು.
ಸತ್ತವನ ಕೈ ಹಿಡಿದು ಗಲ್ಲಿನವನು
ನಮ್ಮತ್ತೆಯ ಗಂಟಿಗೆ ಮೂರು ಸಲ ಸವರಿದ.
ಗಂಟು ಹೋಗಲಿಲ್ಲ.
ಎಷ್ಟು ಮೆತ್ತಗಿತ್ತೇ ಆ ಕೈ, ಎನ್ನುತ್ತಿದ್ದಳು
ಸಾಯುವವರೆಗೂ, ಮಾವ ಇಲ್ಲದಾಗ.

ಸೋಮವಾರ ಮೊಳೆ ಬಿಚ್ಚಿ ಖಾನೆಖಾನೆಗೆ ಸುರಿದೆ,
ಜಿನ್ನು, ಕುರಿ, ಬಾಗಿಲು, ತಾಯಿ.
ಪಶ್ಚಾತ್ತಾಪದ ದಾರ ಸಡಿಲಾಗಿತ್ತು, ಬಿಗಿದೆ.
ಮರದಚ್ಚಿನಿಂದ ಆಳನ್ನು ಕಿತ್ತು ಮಸಿ ಒರೆಸಿ
ತೂತಿಗೆ ಕಣ್ಣಿಟ್ಟೆ, ಸುಮ್ಮನೆ.
ಆಚೆ ಅಪ್ಪ, ಮೇಜು, ದೀಪ.
ಗರಿ ಅದ್ದಿ ಅದ್ದಿ ಬರೆಯುತ್ತಿದ್ದ,
ಹೆಸರಿಗೆ ಜಾಗ ಬಿಟ್ಟು.