ನೋಡುವ ಬಂದೂಕು

ಗೋಡೆಗೆ ತಗುಲಿಸಿದ ಹೊಸ ಟೀವಿ, ಹೋಳಿಗೆಯಷ್ಟು ತೆಳ್ಳಗೆ.
ಅದರೆದುರು ನಿಂತು ಕುದುರೆ ಎಳೆದೆ. ಟಿಕ್.
ಬಾತುಕೋಳಿ ಹಾರಿಹೋಯಿತು.
ಮತ್ತೆ ಟಿಕ್. ಇನ್ನೊಂದೂ ಹೋಯಿತು.
ಹುಲ್ಲಿನಿಂದ ಕಪ್ಪೆಯೊಂದು ಎದ್ದು ಹಲ್ಲು ಕಿರಿಯಿತು
(ಕಪ್ಪೆಗೆಲ್ಲಿಯ ಹಲ್ಲು? ಆಗಲೂ ಯಾರೂ ಕೇಳಿರಲಿಲ್ಲ).
"ಚಿಗವ್ವ, ಒಂದೂ ಬೀಳ್ತಿಲ್ಲ" ಅಂದ ಪ್ರಥಮ್,
ನನ್ನ ಬಾಲ್ಯವೇ ಬುರುಡೆ ಅನ್ನುವ ಹಾಗೆ.

ಮಂಡಿಪೇಟೆಗೆ ಹೋದೆವು, ಮುರಿಗೆಪ್ಪನ ರಿಪೇರಿ ಅಂಗಡಿಗೆ.
ತಾಮ್ರಕ್ಕಾಗಿ ಒಡೆಯಲು ಮಲಗಿಸಿದ ಹಳೇ ಟೀವಿಗಳ ಸಾಲಲ್ಲಿ
ಒಂದಕ್ಕೆ ಇನ್ನೂ ಜೀವವಿತ್ತು.
"ಆರುನೂರು ಕೊಡ್ರಿ. ಇದಕ್ಕೆ ಗಿರಾಕಿ ಅಂದ್ರ
ಗುಜರಿಯವ, ಬಿಟ್ರ ನೀವು."
ಬಂದೂಕನ್ನು ತಿರುಗಿಸಿ ಮೂತಿಯೊಳಗೆ ಇಣುಕಿದ.
"ಇದರಿಂದ ಏನೂ ಹೊರಗ ಬರಂಗಿಲ್ಲಕ್ಕ.
ಒಳಗೊಂದು ಕಣ್ಣೈತಿ, ಅಷ್ಟ.
ಕುದುರೆ ಎಳೆದ್ರ ಟೀವಿ ಒಂದು ಚಿಟಿಕಿ ಕಪ್ಪಾಗತೈತಿ,
ಹಕ್ಕಿ ಇದ್ದಲ್ಲಿ ಬಿಳೀ ಚೌಕ ಮೂಡತೈತಿ.
ಬಿಳುಪು ಕಂಡ್ರ ಹಕ್ಕಿ ಸತ್ತಂಗ.
ಹೊಸ ಟೀವಿ ನಿಧಾನ. ಬಿಳುಪು ಬರೋ ಹೊತ್ತಿಗೆ
ಕಣ್ಣು ಮುಚ್ಚಿರತೈತಿ."

ಮೂವತ್ತು ವರ್ಷ, ಹೊಡೆದೆ ಅಂದುಕೊಂಡಿದ್ದೆ.
ನೋಡಿದ್ದೆ.

ದಾದಾಪೀರನ ಗೇಮಿನ ಕೋಣೆ ಮಂಡಕ್ಕಿ ಭಟ್ಟಿಗಳ ನಡುವೆ,
ಕಿಟಕಿಯ ಸರಳಿಗೂ ಮಸಿ. ರೂಪಾಯಿಗೆ ಹತ್ತು ನಿಮಿಷ,
ಲೆಕ್ಕಕ್ಕೆ ಒಂದು ಅಲಾರಂ ಗಡಿಯಾರ.
ಕ್ಯಾಸೆಟ್ಟಿನ ಚೀಟಿಯ ಮೇಲೆ ಒಂಬತ್ತು ಲಕ್ಷ ಚಿಲ್ಲರೆ ಆಟ,
ಒಳಗೆ ಇದ್ದದ್ದು ಏಳು.
ಉಫ್ ಎಂದು ಊದಿ ಸಿಕ್ಕಿಸಿದರೆ ಮಾತ್ರ ಹಕ್ಕಿ.
ಹುಡುಗಿ ಅಂದರೆ ನಾನೊಬ್ಬಳೇ, ಐದನೇ ಕ್ಲಾಸು,
ಪಾಳಿಯಲ್ಲಿ ಯಾವಾಗಲೂ ಕೊನೆಗೆ ಸಿಕ್ಕುತ್ತಿದ್ದವಳು.
ಹದಿನಾರು, ಹದಿನೆಂಟು, ಒಂದೂ ತಪ್ಪದೆ ಬಿದ್ದಾಗ
ಹಾಲೇಶ ಕೂಗಿದ: "ಬಲ್ಬಿಗೆ ಹಿಡದು ಹೊಡಿತಾಳ! ಮೋಸ!"

ದಾದಾಪೀರ ಮಾತಾಡಲಿಲ್ಲ. ಬಲ್ಬು ಆರಿಸಿದ.
ಬಾಗಿಲಿಗೆ ಮಂಡಕ್ಕಿಯ ಖಾಲಿ ಚೀಲ ಇಳಿಬಿಟ್ಟ.
"ಈಗ ಹೊಡಿ, ನಾಗವೇಣಿ."

ಆ ಕತ್ತಲಲ್ಲಿ ಒಂದೊಂದು ಟಿಕ್ಕಿಗೂ
ಎಲ್ಲರ ಮುಖ ಬೆಳ್ಳಗಾಗಿ ಆರುತ್ತಿತ್ತು:
ಹಾಲೇಶನ ತೆರೆದ ಬಾಯಿ. ಆರಿತು.
ಯಾರದೋ ಕೈಯಲ್ಲಿ ಅರ್ಧ ತಿಂದ ಮಿರ್ಚಿ. ಆರಿತು.
ಇಪ್ಪತ್ತೆರಡು, ಇಪ್ಪತ್ಮೂರು,
ಅಲಾರಂ ಬಡಿದುಕೊಳ್ಳಲು ಶುರುಮಾಡಿ ಗಕ್ಕನೆ ನಿಂತಿತು.
ಮುಂದಿನ ಬೆಳಕಲ್ಲಿ ಕಂಡೆ:
ಗಡಿಯಾರದ ನೆತ್ತಿಯ ಮೇಲೆ ದಾದಾಪೀರನ ಅಂಗೈ.

ಅವನು ಎಷ್ಟು ಹೊತ್ತು ಹಾಗೆ ಒತ್ತಿ ಹಿಡಿದಿದ್ದನೋ.
ನನ್ನ ಹತ್ತಿರ ಇದ್ದದ್ದು ಒಂದೇ ರೂಪಾಯಿ.

ಈಗಿನ ವಿಷಯಕ್ಕೆ ಬಂದರೆ, ಆಟ ಅಷ್ಟೇನೂ ಚೆನ್ನಾಗಿಲ್ಲ.
ಹಕ್ಕಿಗೆ ಗೊತ್ತಿರುವ ದಾರಿ ಮೂರೋ ನಾಲ್ಕೋ,
ಮರ ಒಂದೇ, ಅದೂ ಹೂಕೋಸಿನ ಹಾಗೆ,
ಸಂಗೀತ ಕೇಳಿದರೆ ಹಲ್ಲು ಜುಮ್ಮೆನ್ನುತ್ತದೆ.
ಪ್ರಥಮ್ ಆರು ನಿಮಿಷ ಆಡಿದ, ನಾಲ್ಕು ಬೀಳಿಸಿದ.
"ಮುಂದೆ ಏನಾಗತ್ತೆ?"
"ಏನೂ ಇಲ್ಲ. ಸ್ವಲ್ಪ ಜೋರಾಗಿ ಹಾರ್ತವೆ."
"ಇಷ್ಟೇನಾ?" ಎಂದು ಫೋನು ಹುಡುಕಿಕೊಂಡು ಹೋದ.
ಅವನದೇನು ತಪ್ಪು.

ಅಕ್ಕ ಅಡುಗೆಮನೆಯಿಂದ ಕೇಳುತ್ತಿದ್ದಾಳೆ,
ಈ ಗಡವನ್ನು ಎಲ್ಲಿಡೋದು, ನಿನ್ನ ತಲೆ ಮೇಲಾ ಎಂದು.
ಏಳುತ್ತೇನೆ, ಒಂದೇ ನಿಮಿಷ.
ದೀಪ ಆರಿಸಿ ಕುದುರೆ ಎಳೆದೆ. ಗೋಡೆ, ಸೋಫಾ, ಖಾಲಿ ಕುರ್ಚಿ
ಬೆಳ್ಳಗಾಗಿ ಆರಿದವು. ಗುರಿ ತಪ್ಪಿಲ್ಲ, ಮುಖ ಮಾತ್ರ ಇಲ್ಲ.
ಆಮೇಲೆ ಟೀವಿಯ ಕಿವಿ ತಿರುವಿ
ಇನ್ನೂ ಬೆಚ್ಚಗಿದ್ದ ಉಬ್ಬು ಗಾಜಿನ ಮೇಲೆ ಅಂಗೈ ಇಟ್ಟೆ.
ತೋಳಿನ ರೋಮವೆಲ್ಲ ಎದ್ದು ನಿಂತು
ಚಿಟಪಟ, ಚಿಟಪಟ,
ಕಾದ ಮರಳಲ್ಲಿ ಮಂಡಕ್ಕಿ ಅರಳುವ ಸದ್ದು.