ನೂರಾ ಹದಿನಾಲ್ಕು ಆನೆ

ಕೂತ್ಕೊಳ್ಳಿ ಮೇಡಂ. ಆ ಸ್ಟೂಲು ಅಲ್ಲಾಡುತ್ತೆ, ಈ ಕಡೆ.
ಬರಕೊಳ್ಳೋದಾದರೆ ಬರಕೊಳ್ಳಿ, ಹೆಸರು ಮಾತ್ರ ಬೇಡ.
ಚಿಂತಾಮಣಿಯ ಒಬ್ಬ ಆಚಾರಿ ಅಂದರೆ ಸಾಕು,
ನಾವೇ ಒಂದು ಬೀದಿ ಇದ್ದೇವೆ.

ಅಂಬಾಜಿದುರ್ಗದ ತಪ್ಪಲಲ್ಲಿ ಪೈಪಿಗೆ ನೆಲ ಅಗೆದವರು
ರಾತ್ರಿ ಹತ್ತೂವರೆಗೆ ಬಂದರು, ಇಬ್ಬರು.
ಹಾರ್ಲಿಕ್ಸ್ ಬಾಟಲಿಯಲ್ಲಿ ಮಣ್ಣು, ಮಣ್ಣೊಳಗೆ ಮಿಣುಕು.
ಬೆಳಗಾಗೋದರೊಳಗೆ ಗಟ್ಟಿ ಮಾಡಿಕೊಡು ಅಂದರು.
ಕರಗಿಸಿದರೆ ಶಾಪವೂ ಹೋಗುತ್ತಂತೆ, ಸಾಕ್ಷಿಯೂ.

ಅಂಟುವಾಳದ ನೀರಲ್ಲಿ ತೊಳೆದೆ.
ನೂರಾ ಹದಿನಾಲ್ಕು. ಒಂದೊಂದರ ಮೇಲೂ ಒಂದು ಆನೆ,
ಸಾಸಿವೆಯಷ್ಟೂ ಕಣ್ಣಿಲ್ಲ, ಆದರೂ ನೋಡುತ್ತಿದ್ದವು.
ಬೆನ್ನಿಗೆ ಬಳ್ಳಿಯ ಸುರುಳಿ.
ಒರೆಗೆ ಹಚ್ಚಿದರೆ ತಂಗಡಿ ಹೂವಿನ ಗೆರೆ.

ಒಂದರಲ್ಲಿ ಮಾತ್ರ ಆನೆಗೆ ಎರಡು ಸೊಂಡಿಲು.
ರಾಜಲಾಂಛನ ಅಲ್ಲ ಮೇಡಂ, ಕೈ ಜಾರಿದ್ದು.
ಅಚ್ಚು ಕೂರಲಿಲ್ಲ, ಮತ್ತೆ ಹೊಡೆದಿದ್ದಾನೆ.
ಆ ಹೊಡೆತ ನನಗೆ ಗೊತ್ತು. ಎಡಗೈ ಬೆವರಿದಾಗ ಹಾಗಾಗುತ್ತೆ,
ಮನೆಯಲ್ಲಿ ಮಗು ಜ್ವರ ಬಂದು ಮಲಗಿದ್ದಾಗ.
ಎಷ್ಟೋ ನೂರು ವರ್ಷದಾಚೆಯಿಂದ ಒಬ್ಬ ಹೇಳುತ್ತಿದ್ದ:
ಮೇಸ್ತ್ರಿ ನೋಡಲಿಲ್ಲ, ನೀನೂ ನೋಡಬೇಡ.

ನೋಡಿದೆ.
ಆಮೇಲೆ ಮೂಸೆಗೆ ಹಾಕಿದೆ.

ಒಂದಾದರೂ ಕದ್ದಿಟ್ಟಿರಬೇಕು ಅಂತ ತಾನೆ ನಿಮ್ಮ ನೋಟ?
ಅಕ್ಕಸಾಲಿ ಅಕ್ಕನ ಚಿನ್ನಾನೂ ಬಿಡ, ಆ ಗಾದೆ ಅವರಿಗೂ ಗೊತ್ತು;
ಎಣಿಸಿ ಕೊಟ್ಟು ಎದುರಿಗೇ ಕೂತಿದ್ದರು.
ಒಬ್ಬ ನೀರು ಕುಡಿವಾಗ, ಇನ್ನೊಬ್ಬ ಫೋನು ನೋಡುವಾಗ
ಅರಗಿನ ಮುದ್ದೆಗೆ ಒಮ್ಮೆ ಒತ್ತಿದೆ. ಅಷ್ಟೆ.

ಬೆಳಿಗಾರ ಉದುರಿಸಿದೆ. ಊದಿದೆ.
ಆನೆಗಳು ಮೊದಲು ಮಂಡಿಯೂರಿದವು,
ಒಂದಕ್ಕೊಂದು ಒರಗಿ ಮಲಗಿದವು,
ಆಮೇಲೆ ಕೆರೆ.
ಚಿನ್ನ ಕರಗಿ ನಿಂತಾಗ ಒಂದು ಕ್ಷಣ ಹಸಿರು ಹೊಳೆಯುತ್ತೆ.
ನಿಮ್ಮ ಮ್ಯೂಸಿಯಂ ಗಾಜಿನೊಳಗೆ ಅದನ್ನು ಯಾರೂ ಕಂಡಿಲ್ಲ.

ತಪ್ಪು ಅಂತೀರಿ. ತಪ್ಪೇ.
ಆದರೆ ಟಂಕಸಾಲೆಯ ಅವನು ಏನನ್ನು ಕರಗಿಸಿದ್ದ?
ಸೋತ ಊರಿನ ಯಾರ ಕಡಗ, ಯಾರ ಮೂಗುತಿ?
ಆವತ್ತು ಯಾರು ಬಂದಿದ್ದರು, ನೋಟ್‌ಬುಕ್ ಹಿಡಕೊಂಡು?

ಗಟ್ಟಿ ಎಲ್ಲಿ ಹೋಯಿತೋ ತಿಳಿಯದು.
ವಾಪಸ್ ಹೋಗುವಾಗ ಬಸ್ ಸ್ಟ್ಯಾಂಡಿನಲ್ಲಿ ಓಲೆಗಳನ್ನು ನೋಡಿ,
ಆ ಎರಡನೇ ಸೊಂಡಿಲು ಯಾವ ಕಿವಿಯಲ್ಲಿದೆಯೋ.

ಅರಗೇ? ಇಟ್ಟಿದ್ದೆ, ಈ ಗೂಡಲ್ಲೇ.
ಎರಡು ಬೇಸಿಗೆಗೆ ಮೆತ್ತಗಾಗಿ
ಆನೆ ಮೊದಲು ಊದಿಕೊಂಡಿತು, ಆಮೇಲೆ ಕದಡಿತು.
ಕನ್ನಡಕ ತೆಗೆಯಿರಿ, ಬೆರಳು ಇಡಿ. ಇಲ್ಲಿ.
ಸ್ವಲ್ಪ ತಗ್ಗಿದೆಯಲ್ಲ,
ಅದನ್ನು ನಾನು ಬೆನ್ನು ಅಂದುಕೊಂಡಿದ್ದೇನೆ.