ಸೊನ್ನೆ ನಂಬರಿನ ಸೈಕಲ್

ಮುಹರಕ್. ಶುಕ್ರವಾರ, ನಸುಕಿನ ನಾಲ್ಕೂ ಮುಕ್ಕಾಲು.
ಗಾಳಿ ಹಿಂಡದ ಟವೆಲ್ಲಿನ ಹಾಗೆ ಮುಖಕ್ಕೆ ಅಂಟುತ್ತದೆ.
ಮೆಟ್ಟಿಲ ಕೆಳಗಿನಿಂದ ಏಳು ಸೈಕಲ್ಲುಗಳನ್ನು
ಒಂದೊಂದಾಗಿ ಹೊರಗೆಳೆಯುತ್ತೇನೆ,
ಮಲಗಿದ ಕುರಿಗಳನ್ನು ಕಿವಿ ಹಿಡಿದು ಎಬ್ಬಿಸಿದಂತೆ.

ಊರಿಗೆ ಹೊರಟುಹೋದ ಶಾಲೆ ಮಾಸ್ತರನೊಬ್ಬ ಮಾರಿದ್ದು ನಾಲ್ಕು,
ಹರಾಜಿನಲ್ಲಿ ಸಿಕ್ಕಿದ್ದು ಎರಡು,
ಇನ್ನೊಂದು ಶೊಹಾಗ್ ಹೊಲಿದುಕೊಟ್ಟದ್ದು.
ಹೌದು, ಹೊಲಿದದ್ದೇ:
ಐದು ಸತ್ತ ಸೈಕಲ್ಲುಗಳ ಎಲುಬು ಆಯ್ದು.
ಅದು ನನ್ನದು.

ಲಕ್ಷ್ಮೇಶ್ವರದ ಬಜಾರದಲ್ಲಿ ಅಪ್ಪ
ತಾಸಿಗೆ ಎಂಟಾಣೆಯ ಬಾಡಿಗೆ ಸೈಕಲ್ ಇಟ್ಟಿದ್ದ.
ಮಡ್‌ಗಾರ್ಡಿನ ಮೇಲೆ ಬಿಳಿ ಬಣ್ಣದ ನಂಬರು,
೧, ೨, ೩.
ಅವನು ಕಲಿತದ್ದು ಅಂಕಿ ಮಾತ್ರ,
ಅಕ್ಷರಕ್ಕೆ ಪುರಸೊತ್ತಾಗಲಿಲ್ಲ.
ತಾನೇ ತುಳಿಯುವ ಸೈಕಲ್ಲಿಗೆ ಸೊನ್ನೆ ಬರೆದಿದ್ದ.
ಆಟಕ್ಕುಂಟು, ಲೆಕ್ಕಕ್ಕಿಲ್ಲ.
ಈ ಮಡ್‌ಗಾರ್ಡುಗಳ ಮೇಲೂ ಹಾಗೇ ಬರೆದೆ.
ಕೈ ಅಪ್ಪನಷ್ಟು ನೇರ ಬರಲಿಲ್ಲ.

"ಹನ್ನೊಂದು ವರ್ಸ ಗಲ್ಫಿನಾಗಿದ್ದು
ಸೈಕಲ್ ತುಳಿಯಾಕ ಹತ್ತೀಯೇನ? ಕಾರ್ ಎಲ್ಲೈತಿ?"
ಫೋನಿನಲ್ಲಿ ಅಕ್ಕ ಖೈರುನಬಿ.
ಕಾರು ಮಾರಿಯೇ ಲೈಸೆನ್ಸಿನ ಕಾಗದ ಬಂತೆಂದು
ಹೇಳಲಿಲ್ಲ. ಸಿಗ್ನಲ್ ಇಲ್ಲ ಅಂದೆ.

ಹನ್ನೊಂದು ವರ್ಷ ಬೇರೆಯವರ ಹುಬ್ಬು ತೀಡಿದೆ,
ದಾರದ ಒಂದು ತುದಿ ಹಲ್ಲಲ್ಲಿ ಕಚ್ಚಿಕೊಂಡು.
ಬಾಯಿ ಕಟ್ಟಿದ ಕೆಲಸ.
ಈಗ ಮಾತಾಡುವುದೇ ಕೆಲಸವೆಂದು
ರಾತ್ರಿಯೆಲ್ಲ ಉರು ಹೊಡೆದಿದ್ದೇನೆ:
ಇದು ಮುತ್ತಿನ ವ್ಯಾಪಾರಿಯ ಮನೆ,
ಇದು ಹಲ್ವಾದ ಓಣಿ, ಇಲ್ಲಿ ತಗ್ಗು, ನಿಧಾನ.

ಇಲ್ಲಿ ರಸ್ತೆಯ ಬಲಬದಿ ನಮ್ಮದು.
ಕಾರಿನಲ್ಲಿ ಎಂದೂ ತಪ್ಪದ ಕೈ
ಸೈಕಲ್ ಏರಿದೊಡನೆ
ಪ್ರತಿ ತಿರುವಿನಲ್ಲಿ ಲಕ್ಷ್ಮೇಶ್ವರದ ಎಡಕ್ಕೆ ಎಳೆಯಿತು.
ಎಡಕ್ಕೆ ಹೋಗಿ ಎಡವಿದೆ, ಬಲದಲ್ಲಿ ಬಲವಿರಲಿಲ್ಲ.
ಕೊನೆಗೆ ಶೊಹಾಗ್ ಬಲ ಹಿಡಿಕೆಗೆ ಕೆಂಪು ಟೇಪು ಸುತ್ತಿದ,
ಹುಚ್ಚೆತ್ತಿನ ಕೋಡಿಗೆ ಸುತ್ತಿದಂತೆ.

ಈ ಹೊತ್ತಿನಲ್ಲಿ ತುಳಿಯುವವರು ಬೇರೆಯೂ ಇದ್ದಾರೆ,
ಮೀನು ಮಾರ್ಕೆಟ್ಟಿಗೆ, ಕಾರು ತೊಳೆಯಲಿಕ್ಕೆ,
ಹ್ಯಾಂಡಲ್ಲಿಗೆ ಬಕೆಟ್ಟು ತೂಗಿಸಿಕೊಂಡು.
ನನ್ನ ಸಾಲು ಹೆಲ್ಮೆಟ್ಟು ನೋಡಿ ಒಬ್ಬ ನಿಂತ.
ಎಷ್ಟು ತಗೋತೀರಿ?
ಎಂಟು ದಿನಾರ್, ಎರಡು ತಾಸಿಗೆ.
ಅವನು ನಗಲಿಲ್ಲ.
ಬಗ್ಗಿ ತನ್ನ ಪೆಡಲ್ಲನ್ನೊಮ್ಮೆ ನೋಡಿಕೊಂಡ.

ಹೆಸರು ಕೊಟ್ಟಿದ್ದವರು ಮೂವರು.
ಇಬ್ಬರಿಗೆ ಜ್ವರವೆಂದು ಮೆಸೇಜು ಬಂತು.
ಮೂರನೆಯವರಿಂದ ಅದೂ ಇಲ್ಲ.
ನಮಾಜು ಮುಗಿಸಿ ಬರುತ್ತಿದ್ದ ಎದುರುಮನೆಯ ಅಬ್ದುಲ್‌ವಹಾಬ್
ಮೂರನೇ ನಂಬರಿನ ಗಂಟೆ ಬಾರಿಸಿದರು, ಎರಡು ಸಲ,
ಕೇಳದೆಯೇ ಹತ್ತಿದರು,
ಬಿಳಿ ತೋಪನ್ನು ಮೊಣಕಾಲಿಗೆತ್ತಿ ಗಂಟು ಹಾಕಿ.

ಇದು ಮುತ್ತಿನ ವ್ಯಾಪಾರಿಯ...
"ಅಲ್ಲ. ಅದು ಹಿಂದಿನ ಓಣಿ.
ಇದರ ಮೆಟ್ಟಿಲ ಮೇಲೆ ನನ್ನ ಹಲ್ಲು ಮುರಿದದ್ದು."
ಟೈರ್ ಅಂಗಡಿಯ ಮುಂದೆ ಬ್ರೇಕು ಒತ್ತಿ,
"ಸಮುದ್ರ ಇಲ್ಲಿತ್ತು," ಅಂದರು,
ನೆರೆಯವರು ಮನೆ ಬದಲಿಸಿದ ಸುದ್ದಿ ಹೇಳುವವರಂತೆ.
ತಲೆಯ ಮೇಲೆ ವಿಮಾನ ಇಳಿಯುತ್ತಿತ್ತು,
ಅವರ ಮಾತು ಅರ್ಧ ಕೇಳಿಸಲಿಲ್ಲ.
ನಾನು ಮತ್ತೆ ದಾರ ಕಚ್ಚಿದವಳಂತೆ
ಸುಮ್ಮನೆ ಹಿಂದೆ ತುಳಿದೆ.
ಎಡ ಯಾವುದು, ಬಲ ಯಾವುದು,
ಒಮ್ಮೆಯೂ ಯೋಚಿಸಲಿಲ್ಲವೆಂದು ಆಮೇಲೆ ಹೊಳೆಯಿತು.

ಇಳಿದು, ಗಂಟು ಬಿಚ್ಚಿ, ನನ್ನ ಮಡ್‌ಗಾರ್ಡ್ ತಟ್ಟಿದರು.
"ಖಂಸಾ."
ಐದು.
ಇವರ ಲಿಪಿಯ ಐದು ಹಾಗೆಯೇ ಇರುತ್ತದೆ,
ಉರುಟು, ಒಳಗೆ ಖಾಲಿ.
ಅಲ್ಲ ಅನ್ನಲು ಹೋದೆ,
ಅಷ್ಟರಲ್ಲಿ ಅವರ ಬಾಗಿಲು ಮುಚ್ಚಿತ್ತು.

ಡೈರಿ ತೆಗೆದು ಬರೆದೆ: ಗಿರಾಕಿ ೧.
ವಸೂಲಿ ೦.
ಬರೆದದ್ದನ್ನು ಸ್ವಲ್ಪ ಹೊತ್ತು ನೋಡುತ್ತ ಕೂತೆ.
ಹೊರಗೆ ಬಿಸಿಲು ಏರುತ್ತಿತ್ತು.
ಸೀಟು ಕಾಯುವ ಮೊದಲು ಒಳಗೆಳೆಯಬೇಕು,
ನಾಲ್ಕನೆಯದರ ಹಿಂದಿನ ಗಾಲಿಯಲ್ಲಿ
ಗಾಳಿ ಕಡಿಮೆ.